ಗುರಿಗೆ ಹೂವಿನ ಗುರುತು

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯತ್ತ ಹೊರಟರೆ ಮೊದಲು ಸಿಗುವುದು ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು. ಏರು ಹೆಚ್ಚಿದಂತೆ ತೋಟ ಹಿಂದೆ ಸರಿಯುತ್ತದೆ. ಹುಲ್ಲು ಹೊದ್ದ ಗುಡ್ಡಗಳೂ ಕಣಿವೆಯ ಸಂದಿನ ಶೋಲಾ ಕಾಡುಗಳೂ ತೆರೆದುಕೊಳ್ಳುತ್ತವೆ. ಮಲೆನಾಡಿಗರು ಗುರಿಗೆ ಎಂದು ಕರೆಯುವ ಗಿಡದ ತವರು ಇದು.

2022ರಲ್ಲಿ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಚಂದ್ರದ್ರೋಣ ಶ್ರೇಣಿಯ ಇಳಿಜಾರುಗಳು ನೀಲಿಯಾದವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಎಂದು ಸುದ್ದಿಯಾಯಿತು, ಜನ ಮುಗಿಬಿದ್ದರು. ಆದರೆ ಕೇರಳದ ಮುನ್ನಾರಿನಲ್ಲಿ ಕುರಿಂಜಿ ಅರಳಿದ್ದು 2006 ಮತ್ತು 2018ರಲ್ಲಿ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ ಅರಳಿದ್ದು ‘ಸೆಸ್ಸಿಲಿಸ್’ ಎಂಬ ಪ್ರಭೇದವೆಂದು ವರದಿಯಾಯಿತು. ಹಾಗಾದರೆ ಇವೆಲ್ಲ ಒಂದೇ ಹೂವೇ?

ಬಣ್ಣ ನೋಡಿ ಉತ್ತರ ಹೇಳಲಾಗದು. ಇಸವಿಯೂ ಸಾಲದು, ಒಂದೇ ಪ್ರಭೇದ ಬೇರೆ ಬೇರೆ ಬೆಟ್ಟಗಳಲ್ಲಿ ಬೇರೆ ವರ್ಷ ಅರಳಬಹುದು. ಗಿಡವನ್ನೇ ಕೇಳಬೇಕು.

ಗುರಿಗೆ ನಮ್ಮ ಕನಕಾಂಬರ, ಆಡುಸೋಗೆಗಳ ಬಳಗದ್ದು, ಕುಟುಂಬ ಅಕ್ಯಾಂಥೇಸಿ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಯಾಗಿರುತ್ತವೆ. ಕುಲದ ಹೆಸರು ಸ್ಟ್ರೊಬಿಲಾಂಥಸ್. ಇದರಲ್ಲಿ ನೂರಾರು ಪ್ರಭೇದಗಳಿವೆ. ನೀಲಕುರಿಂಜಿ ಅಂದರೆ ಸ್ಟ್ರೊಬಿಲಾಂಥಸ್ ಕುಂತಿಯಾನ. ಇದನ್ನು 1832ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ನೀಸ್ ‘ಫ್ಲೆಬೋಫಿಲಮ್’ ಎಂಬ ಬೇರೆ ಕುಲದಲ್ಲಿಟ್ಟಿದ್ದ; ಅನಂತರದವರು ಸ್ಟ್ರೊಬಿಲಾಂಥಸ್‌ಗೆ ತಂದರು. ವರ್ಗೀಕರಣವೂ ತಿದ್ದಿಕೊಳ್ಳುತ್ತಾ ಸಾಗುವ ವಿದ್ಯೆ.

ಮೊದಲ ಸುಳಿವು ಎಲೆಯ ತೊಟ್ಟು. ಕುಂತಿಯಾನಕ್ಕೆ ತೊಟ್ಟುಂಟು, ಸೆಸ್ಸಿಲಿಸ್ ಎಂದರೇ ತೊಟ್ಟಿಲ್ಲದ್ದು, ಎಲೆ ನೇರವಾಗಿ ಕಾಂಡಕ್ಕೆ ಅಂಟಿರುತ್ತದೆ. ಬಳಿಕ ಕೇಸರಗಳನ್ನು ಎಣಿಸಿ: ಈ ಕುಲದಲ್ಲಿ ಎರಡಿರುವವೂ ಉಂಟು, ನಾಲ್ಕಿರುವವೂ ಉಂಟು. ತೆನೆಯ ಆಕಾರ, ರೋಮ, ಗಿಡದ ಎತ್ತರ ಬರೆದುಕೊಂಡು 1981ರಲ್ಲಿ ಯೋಗನರಸಿಂಹನ್ ಮತ್ತು ಸಂಗಡಿಗರು ಹೊರತಂದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದೊಡನೆ ಹೋಲಿಸಬಹುದು. ಮೂಡಿಗೆರೆ, ಕಳಸದ ಮಕ್ಕಳಿಗೆ ಇದು ಮನೆಯ ಹಿತ್ತಲಿನ ಪಾಠ.

ಹೂ ಮಾತ್ರ ಕೀಳಬೇಡಿ. ನೀಲಕುರಿಂಜಿ ಬಾಳಿನಲ್ಲಿ ಒಮ್ಮೆ ಅರಳಿ, ಬೀಜ ಉದುರಿಸಿ ಸಾಯುತ್ತದೆ. ಕಿತ್ತ ತೆನೆಯೊಂದಿಗೆ ಮುಂದಿನ ಪೀಳಿಗೆಯ ಬೀಜವೂ ಹೋಗುತ್ತದೆ. ಹುಲ್ಲುಗಾವಲನ್ನು ಚಹಾ ತೋಟ, ನೆಡುತೋಪುಗಳು ನುಂಗಿದ್ದರಿಂದ 2024ರಲ್ಲಿ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿದೆ.

ತಂದೆತಾಯಿಗಳು ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಲಿ. ಬೆಟ್ಟದ ಹೆಸರು, ತಾರೀಖು, ಎಲೆಯ ಚಿತ್ರ ಅದರಲ್ಲಿರಲಿ. ಈಗ ಐದನೇ ತರಗತಿಯಲ್ಲಿರುವ ಮಗು ಇಪ್ಪತ್ತು ದಾಟಿದಾಗ, ಅದೇ ಇಳಿಜಾರಿನಲ್ಲಿ ಮತ್ತೆ ಅರಳಿದ್ದು ಅದೇ ಹೂವೇ ಎಂದು ಹೇಳಲು ಆ ಪುಟ ಬೇಕಾಗುತ್ತದೆ.