ಮುಚ್ಚಳ ಬಿಚ್ಚುವ ಸುಖ

ಡೊಂಬಿವಲಿಯ ನಮ್ಮ ಮನೆಯಲ್ಲಿ ಫ್ರಿಜ್ಜು ಬದಲಾಯಿತು, ಟಿ.ವಿ. ಬದಲಾಯಿತು, ಹಾಲ್‌ನ ಮೂಲೆಯ ಸ್ಟೀರಿಯೊ ಮಾತ್ರ ಕದಲಿಲ್ಲ. ‘ಇದು ರಿಟೈರ್ ಆಗೋದು ಯಾವಾಗ್ರೀ?’ ಎಂದು ಹೆಂಡತಿ ಆಗಾಗ ಕೇಳುತ್ತಾಳೆ. ಬಿಡಿಭಾಗ ಸಿಗುವ ತನಕ ಇದಕ್ಕೆ ನಿವೃತ್ತಿಯಿಲ್ಲ.

ದುಬಾರಿಯದೆಲ್ಲ ಬಾಳಿಕೆ ಬರುತ್ತದೆಂದು ನಂಬಿಸುವವರು ಬಹಳ. ಬಾಳಿಕೆ ಬರುವುದು ಸ್ಕ್ರೂ ಬಿಚ್ಚಿ ಕೈಹಾಕಲು ಬಿಡುವ ಸಾಮಾನು. ಟೆಕ್ನಿಕ್ಸ್‌ನ ಎಸ್‌ಎಲ್-1200 ಟರ್ನ್‌ಟೇಬಲ್ ಹುಟ್ಟಿದ್ದು 1972ರಲ್ಲಿ. 2010ರಲ್ಲಿ ತಯಾರಿಕೆ ನಿಂತರೂ ಹಳೆಯವು ತಿರುಗುತ್ತಲೇ ಇದ್ದವು. 2016ರಲ್ಲಿ ಕಂಪನಿಯೇ ಮತ್ತೆ ಶುರುಮಾಡಿತು. ಹೋಮ್ ಥಿಯೇಟರ್ ರಿಸೀವರ್‌ನ ಪಾಡು ಬೇರೆ. 2014ರಲ್ಲಿ ಡಾಲ್ಬಿ ಅಟ್ಮಾಸ್ ಎಂಬ ಹೊಸ ಧ್ವನಿಪದ್ಧತಿ ಮನೆಗಳಿಗೆ ಬಂದದ್ದೇ ತಡ, ಲಕ್ಷ ಕೊಟ್ಟ 5.1 ಪೆಟ್ಟಿಗೆಗಳು ಸ್ವರ ಕೆಡದೆಯೇ ಮುದಿಯಾದವು. ಹಾಗಾಗಿ ನನ್ನದು ಬಿಡಿಬಿಡಿ ಸಂಸಾರ: ಆಂಪ್ಲಿಫೈಯರ್ ಬೇರೆ, ಟರ್ನ್‌ಟೇಬಲ್ ಬೇರೆ, ಫೋನಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗಿಸುವ ಪುಟ್ಟ ಡ್ಯಾಕ್ ಬೇರೆ. ಬೇಗ ಹಳತಾಗುವುದು ಡ್ಯಾಕ್ ಒಂದೇ, ಅದನ್ನು ಬದಲಿಸಿದರಾಯಿತು.

ಇಲ್ಲಿನ ಮಳೆಗಾಲಕ್ಕೆ ಮೊದಲು ಬಲಿಯಾಗುವುದು ಸ್ಪೀಕರಿನ ಕೋನ್ ಸುತ್ತಲಿನ ಫೋಮ್ ಅಂಚು. ತೇವಕ್ಕೆ ಒಳಗೊಳಗೇ ಶಿಥಿಲವಾಗಿ, ಒಂದು ದಿನ ಬೆರಳು ತಾಗಿದರೆ ಹಳೆಯ ಹಪ್ಪಳದಂತೆ ಉದುರುತ್ತದೆ. ಹೊಸ ಅಂಚು ಕೂರಿಸುವಷ್ಟು ಸೊಗಸಿನ ಕೆಲಸ ನನಗೆ ಬೇರೆ ಗೊತ್ತಿಲ್ಲ. ಹಳೆಯ ಅಂಟನ್ನು ಸ್ಪಿರಿಟ್ ಹಚ್ಚಿ ಕೆರೆಯಬೇಕು. ಹೊಸದನ್ನು ಇಟ್ಟ ಮೇಲೆ ಕೋನನ್ನು ಎರಡೂ ಹೆಬ್ಬೆರಳಿನಿಂದ ಸಮವಾಗಿ ಒತ್ತಿ, ಕಿವಿಗೊಟ್ಟು ಆಲಿಸಬೇಕು. ಸರ್ರೆಂದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ, ಮತ್ತೆ ಕೂರಿಸು. ಅಂಟು ಒಣಗಲು ಒಂದು ರಾತ್ರಿ. ಮರುದಿನ ಮಲ್ಲಿಕಾರ್ಜುನ ಮನಸೂರರ ಎಲ್‌ಪಿ ಹಾಕಿ, ಡಗ್ಗಾದ ಗುಮುಕು ಮರಳಿದೆಯೇ ಎಂದು ಕಾಯುವುದಿದೆಯಲ್ಲ, ಅದಕ್ಕಾಗಿ ಇನ್ನೊಂದು ಸ್ಪೀಕರೂ ಕೆಡಲಿ ಅನ್ನಿಸಿಬಿಡುತ್ತದೆ. ರಬ್ಬರ್ ಅಂಚಿನವು ಹೆಚ್ಚು ಕಾಲ ಬಾಳುತ್ತವೆ, ನಿಜ. ಅವುಗಳಲ್ಲಿ ಈ ಸುಖವಿಲ್ಲ.

ಆಂಪ್ಲಿಫೈಯರಿನ ವೈರಿ ಶಾಖ. ಕೆಪಾಸಿಟರಿನೊಳಗಿನ ದ್ರವ ಮೆಲ್ಲನೆ ಆರುತ್ತದೆ. 10 ಡಿಗ್ರಿ ತಂಪಿದ್ದರೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಗಾಜಿನ ಶೋಕೇಸಿನಲ್ಲಿ ಆಂಪ್ಲಿಫೈಯರನ್ನು ಕೂಡಿಹಾಕಿ, ತಲೆಯ ಮೇಲೆ ಗಣಪತಿ ಕೂರಿಸುವವರನ್ನು ಕಂಡರೆ ನನಗೆ ಸಂಕಟ.

ಬಿಡಿಭಾಗ ಬೇಕೆಂದರೆ ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆಯಬೇಕು. ಅಲ್ಲಿ ಕಣ್ಣು ತೆರೆದಿರಬೇಕು. ತೋಷಿಬಾದ 2ಎಸ್‌ಸಿ5200 ಟ್ರಾನ್ಸಿಸ್ಟರಿಗಂತೂ ನಕಲಿಗಳು ಬೇಕಾದಷ್ಟು. ಹೊರಗೆ ತದ್ರೂಪ, ಒಳಗಿನ ಸಿಲಿಕಾನ್ ಚೂರು ಸಣ್ಣದು. ದನಿ ಏರಿಸಿದರೆ ಸುಟ್ಟೇ ಹೋಗುತ್ತದೆ. ಅಸಲಿ ಸಿಕ್ಕ ದಿನ ಹೆಚ್ಚಿಗೆ ಕೆಲವು ತಂದಿಟ್ಟೆ. ಬೀರುವಿನಲ್ಲಿ ಎಲ್‌ಐಸಿ ಪಾಲಿಸಿಗಳ ಪಕ್ಕದಲ್ಲಿವೆ.