ಅಳಿವೆಯ ಊರಿನಿಂದ

ಹೊನ್ನಾವರ,
ಮಾಘಮಾಸ, ಭಾನುವಾರ

ತೀರ್ಥರೂಪಸಮಾನರಾದ ಸೋದರಮಾವನವರಿಗೆ,

ಗೋಕರ್ಣಕ್ಕೆ ಹೊರಟವನು ನಡುವೆ ಹೊನ್ನಾವರದಲ್ಲಿ ಇಳಿದುಕೊಳ್ಳುವುದೇತಕ್ಕೆಂದು ತಾವು ಕೇಳಿದ್ದಿರಿ. ಈ ಊರಿನ ಹಣೆಯಬರಹವೇ ಅದು. ಇದನ್ನು ಕಂಡವರಲ್ಲಿ ಬಹುಮಂದಿ ಬೇರೆಲ್ಲಿಗೋ ಹೊರಟವರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಸಂಗಡ ಇಲ್ಲಿಗೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಯನ್ನು ಸೇರಿ, ಅಲ್ಲಿಂದ ಘಟ್ಟವನ್ನೇರಿದನು. 14ನೆಯ ಶತಮಾನದಲ್ಲಿ ಬಂದಿದ್ದ ಇಬ್ನ್ ಬತೂತಾ ಮಾತ್ರ ಊರನ್ನು ಊರಾಗಿಯೇ ನೋಡಿ, ಇಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿರುವುದನ್ನು ಕಂಡು, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಬರೆದಿಟ್ಟನು. ಹೋದ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಎಣಿಸುವ ಯಾತ್ರಿಕನು ಈ ಕಾಲದಲ್ಲಿಯೂ ದುರ್ಲಭನೇ ಸರಿ.

ರೈಲು ನಿಲ್ದಾಣವನ್ನು ಮುಟ್ಟುವ ಮೊದಲೇ ನದಿ ಎದುರಾಗುತ್ತದೆ. ಕೊಂಕಣ ರೈಲುಮಾರ್ಗದಲ್ಲಿಯೇ ಅತ್ಯಂತ ದೀರ್ಘವಾದ, ಎರಡು ಕಿಲೋಮೀಟರನ್ನು ಮೀರಿದ ಸೇತುವೆಯ ಮೇಲೆ ಗಾಡಿಯು ಬೆಳಗಿನ ಎಳೆಬಿಸಿಲಿನಲ್ಲಿ ಸಾಗುತ್ತಿರಲು, ಎಡಗಡೆಗೆ ನದಿಯೋ ಸಮುದ್ರವೋ ಎಂದು ನಿರ್ಣಯಿಸಲಾಗದ ಜಲವಿಸ್ತಾರವೂ, ಬಲಗಡೆಗೆ ತೆಂಗು ತುಂಬಿದ ಕುರ್ವೆಗಳೆಂಬ ನಡುಗಡ್ಡೆಗಳೂ, ಅವುಗಳ ಹಿಂದೆ ಸಹ್ಯಾದ್ರಿಯ ನೀಲಶ್ರೇಣಿಯೂ ಕಂಡುವು. ಜೋಗದಲ್ಲಿ 830 ಅಡಿ ಧುಮುಕಿದ ನದಿ ಇದೇ ಎಂದರೆ ನಂಬುವುದು ಕಷ್ಟ. ತಾವು ವಿದ್ಯುದಾಗಾರದ ಕೆಲಸದ ಮೇಲೆ ಕಾರ್ಗಲ್ಲಿನ ಕಾಲೋನಿಯಲ್ಲಿದ್ದಾಗ ಬೇಸಿಗೆಯ ರಜೆಗಳಲ್ಲಿ ನಾವು ಮಕ್ಕಳೆಲ್ಲ ಕಂಡದ್ದು ಮೇಲಿನ ಶರಾವತಿಯನ್ನು. 1964ರಿಂದ ಲಿಂಗನಮಕ್ಕಿಯಲ್ಲಿ ತಡೆಯಲ್ಪಟ್ಟು, ಕೊಳವೆಗಳಲ್ಲಿಳಿದು, ಯಂತ್ರಗಳನ್ನು ತಿರುಗಿಸುವ ಶರಾವತಿಯನ್ನು. ಕೆಲಸ ಮುಗಿಸಿ ಅವಳು ಎಲ್ಲಿಗೆ ಹೋಗುತ್ತಾಳೆಂದು ಆಗ ನಮ್ಮಲ್ಲಿ ಯಾರೂ ಕೇಳಲಿಲ್ಲ, ತಾವೂ ಹೇಳಲಿಲ್ಲ.

ಸುತ್ತಣ ಪ್ರೇಕ್ಷಣೀಯ ಸ್ಥಳಗಳೆಂದು ವಸತಿಗೃಹದವರು ಒಪ್ಪಿಸುವ ಪಟ್ಟಿಯಲ್ಲಿ ಮುರುಡೇಶ್ವರಕ್ಕೆ ಅಗ್ರಸ್ಥಾನ. ಅಲ್ಲಿಯ ಶಿವನ ಮೂರ್ತಿ 123 ಅಡಿ, ರಾಜಗೋಪುರ 237 ಅಡಿ. ಇಷ್ಟು ಹೇಳಿದರೆ ನನ್ನ ಮಟ್ಟಿಗೆ ಆ ವರ್ಣನೆ ಮುಗಿಯಿತು. ಇಡಗುಂಜಿಯ ಗಣಪತಿಯಾದರೋ ಆಳೆತ್ತರಕ್ಕೂ ಕಡಮೆಯವನು. ಎರಡೇ ಕೈ, ನಿಂತ ಭಂಗಿ, ವಾಹನವಾದ ಮೂಷಿಕವೂ ಸನ್ನಿಧಿಯಲ್ಲಿಲ್ಲ. ಆದರೂ ಅವನೆದುರು ಹೆಚ್ಚು ಹೊತ್ತು ನಿಲ್ಲಬೇಕೆನಿಸಿತು. ಆತನ ಹೆಸರನ್ನೇ ಹೊತ್ತು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಯ ನೆಲೆ ಗುಣವಂತೆ ಇಲ್ಲಿಗೆ ಸಮೀಪ. ನಾನು ಹೋದಾಗ ಮೇಳವು ಸಂಚಾರದಲ್ಲಿದ್ದುದರಿಂದ ಚೆಂಡೆಯ ಸದ್ದು ಕಿವಿಗೆ ಬೀಳಲಿಲ್ಲ. ಅಪ್ಸರಕೊಂಡದ ಜಲಪಾತವು ಈ ಋತುವಿನಲ್ಲಿ ಸಣ್ಣ ಧಾರೆಯಷ್ಟೇ, ಆದರೆ ಗುಡ್ಡದ ಮೇಲಿನಿಂದ ಕಾಣುವ ಕಡಲಿಗೆ ಋತುವಿನ ಹಂಗಿಲ್ಲ.

ಗೇರುಸೊಪ್ಪೆಗೆ ಹೋದದ್ದು ಬಸ್ಸಿನಲ್ಲಿ. ಅಲ್ಲಿ ನಗರಬಸ್ತಿಕೇರಿಯೆಂಬಲ್ಲಿ, ಕಾಡಿನ ನಡುವೆ, ಚತುರ್ಮುಖ ಬಸದಿಯು ಏಕಾಂಗಿಯಾಗಿ ನಿಂತಿದೆ. ನಾಲ್ಕು ದಿಕ್ಕುಗಳಿಗೂ ಒಂದೊಂದು ದ್ವಾರ, ಯಾವ ದ್ವಾರದಿಂದ ಪ್ರವೇಶಿಸಿದರೂ ಎದುರಿಗೆ ಒಬ್ಬ ತೀರ್ಥಂಕರ. ಭಕ್ತನು ಯಾವ ದಿಕ್ಕಿನಿಂದ ಬಂದರೂ ಬೆನ್ನು ತೋರಿಸದ ದೇವರು ಎಂಬ ಈ ಕಲ್ಪನೆ ನನಗೆ ಬಹಳ ಹಿಡಿಸಿತು. ಸಾಳುವ ವಂಶದ ರಾಣಿ ಚೆನ್ನಭೈರಾದೇವಿಯು 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದಲೇ ಆಳಿದಳು. ಘಟ್ಟದ ಕಾಳುಮೆಣಸೆಲ್ಲ ಅವಳ ರೇವುಗಳ ಮೂಲಕ ಕಡಲನ್ನು ಸೇರುತ್ತಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಮುಂದಿನ ಶತಮಾನದ ಆರಂಭದಲ್ಲಿ ರಾಜ್ಯವು ಇಕ್ಕೇರಿಯ ನಾಯಕರ ಪಾಲಾಯಿತು. ದೆಲ್ಲಾ ವಾಲ್ಲೆ ಬರುವ ವೇಳೆಗಾಗಲೇ ಪಟ್ಟಣವೂ ಅರಮನೆಯೂ ಹಾಳಾಗಿ, ಅವುಗಳ ಮೇಲೆ ಮರಗಿಡಗಳು ಬೆಳೆದಿದ್ದುವು. ಒಂದು ರಾಜಧಾನಿಯನ್ನು ನುಂಗಲು ಈ ಸೀಮೆಯ ಕಾಡಿಗೆ ಒಂದು ತಲೆಮಾರಿನ ಕಾಲವೂ ಬೇಕಾಗಲಿಲ್ಲ.

ಆದರೆ ತಮಗೆ ಮುಖ್ಯವಾಗಿ ಬರೆಯಬೇಕೆಂದದ್ದು ಅಳಿವೆಯ ವಿಚಾರ. ನಿನ್ನೆ ಅಪರಾಹ್ನ ದೋಣಿಯೊಂದನ್ನು ಗೊತ್ತುಮಾಡಿಕೊಂಡು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಣ ಕಿರುಹರಿವುಗಳಲ್ಲಿ ಸುತ್ತಿಬಂದೆನು. ಉಬ್ಬರದ ಸಮಯ, ಕಾಂಡ್ಲಾದ ಬೇರುಗಳು ಮುಕ್ಕಾಲು ಮುಳುಗಿ, ಹಸುರು ನೀರಿನ ಮೇಲೆಯೇ ಹುಟ್ಟಿದಂತೆ ತೋರುತ್ತಿತ್ತು. ಇಲ್ಲಿ ಬಳಚು ಸಿಗುವುದೋ ಎಂದು ದೋಣಿಯವನನ್ನು ಕೇಳಿದೆನು. ಬಳಚು ಎಂದರೆ ಚಿಪ್ಪಿನೊಳಗಿನ ಮೃದ್ವಂಗಿ. ಇಳಿತದ ವೇಳೆ ಹೆಂಗಸರು ಕೆಸರಿನಲ್ಲಿ ಕೈಯಾಡಿಸಿ ಆಯ್ದು ಸಂತೆಗೆ ಒಯ್ಯುತ್ತಾರೆ. ಆತನು ಹುಟ್ಟನ್ನು ನಿಲ್ಲಿಸದೆಯೇ, “ಹೊಳೆ ಉಪ್ಪು ಹೋಯ್ತು, ಬಳಚೂ ಹೋಯ್ತು. ಬೇಕಾದರೆ ಅಘನಾಶಿನಿಗೆ ಹೋಗಿ” ಎಂದನು.

ಆತನ ಮಾತು ದೋಣಿಯವರ ಗೊಣಗಾಟವಷ್ಟೇ ಅಲ್ಲ; ಬೆಂಗಳೂರಿನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಕರಾವಳಿಯ ಅಳಿವೆಗಳನ್ನು ಹೋಲಿಸಿ ನೋಡಿ ಅದನ್ನೇ ಹೇಳಿದ್ದಾರೆ. ಮಳೆ ನಿಂತು ತಿಂಗಳುಗಳಾದ ಮೇಲೆ, ಬೇರೆ ನದಿಗಳ ಅಳಿವೆಗಳು ಸಮುದ್ರದಷ್ಟೇ ಉಪ್ಪಾಗುವ ಕಾಲದಲ್ಲಿಯೂ ಶರಾವತಿಗೆ ಮೇಲಿನಿಂದ ಸಿಹಿನೀರು ಇಳಿಯುತ್ತಲೇ ಇರುತ್ತದೆ. ಯಂತ್ರ ತಿರುಗಿದ ಮೇಲೆ ನೀರು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಇಂದಿಗೂ ಸಹಸ್ರಾರು ಮಂದಿ ಬಳಚಿನಿಂದ ಬದುಕುತ್ತಾರೆ. ಇಲ್ಲಿ ಅದು ಹೆಚ್ಚುಕಡಮೆ ನಾಮಾವಶೇಷವಾಗಿದೆ. ತಾವು ಹೆಮ್ಮೆಯಿಂದ ಹೇಳುತ್ತಿದ್ದ 1,035 ಮೆಗಾವಾಟ್ ವಿದ್ಯುದಾಗಾರದಲ್ಲಿ ದುಡಿದ ನೀರು, ಈಗ ಗೇರುಸೊಪ್ಪೆಯ ಕಟ್ಟೆಯಲ್ಲಿ ಇನ್ನೊಮ್ಮೆ ದುಡಿದು, ಇಲ್ಲಿಗೆ ಬರುತ್ತದೆ. ಯಡಿಯೂರು ಕೆರೆಯ ಸುತ್ತ ಸಂಜೆಯ ನಡಿಗೆಯನ್ನು ಮುಗಿಸಿ ಬಂದು ತಾವು ಪಡಸಾಲೆಯ ದೀಪದ ಗುಂಡಿಯನ್ನೊತ್ತುವುದಕ್ಕೂ, ಈ ಊರಿನ ಹೆಂಗಸೊಬ್ಬಳ ಬುಟ್ಟಿ ಬರಿದಾದುದಕ್ಕೂ ನಡುವೆ ಇಂಥದೊಂದು ಜಲಮಾರ್ಗವುಂಟೆಂದು ನನಗೆ ನಿನ್ನೆಯವರೆಗೂ ಹೊಳೆದಿರಲಿಲ್ಲ. ಇದನ್ನು ಆಕ್ಷೇಪಣೆಯೆಂದು ಭಾವಿಸಬಾರದು. ಆ ದೀಪದ ಕೆಳಗೆ ಕುಳಿತು ಓದಿದವರಲ್ಲಿ ನಾನೂ ಒಬ್ಬನು.

ಅಳಿವೆಯ ದಕ್ಷಿಣದ ದಡದಲ್ಲಿ ಕಾಸರಕೋಡು. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಅಂತರರಾಷ್ಟ್ರೀಯ ಮನ್ನಣೆ ದೊರಕಿತು. ಮರಳು ಅಷ್ಟು ನಿರ್ಮಲ. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ವಾಣಿಜ್ಯ ಬಂದರಿನ ಯೋಜನೆಯನ್ನು ವರ್ಷಗಳಿಂದ ವಿರೋಧಿಸುತ್ತಿದ್ದಾರೆ; ಮೀನು ಒಣಗಿಸುವ ಜಾಗವೂ, ಕಡಲಾಮೆಗಳು ಮೊಟ್ಟೆಯಿಡುವ ಜಾಗವೂ ಅಲ್ಲಿಯೇ. ಧ್ವಜವನ್ನು ನೋಡಲು ಬರುವವರು ಅಲ್ಲಿಯವರೆಗೆ ನಡೆದುಹೋಗುವುದು ಕಡಮೆ.

ಊಟದ ಚಿಂತೆ ಬೇಡವೆಂದು ಅತ್ತೆಯವರಿಗೆ ತಿಳಿಸಿರಿ. ಬೆಳಗ್ಗೆ ತೆಳ್ಳೇವು, ಮಧ್ಯಾಹ್ನಕ್ಕೆ ಅಪ್ಪೆಹುಳಿ. ಅವರ ಸಾರಿಗೆ ಸಮವಲ್ಲವೆಂದು ಬರೆಯುವುದು ಧರ್ಮ, ಆದರೆ ಅಪ್ಪೆಹುಳಿಯ ವಿಷಯದಲ್ಲಿ ಹಾಗೆ ಬರೆಯಲಾರೆ. ಇಡಗುಂಜಿಯ ಪಂಚಕಜ್ಜಾಯವನ್ನು ಅವರಿಗಾಗಿ ಕಟ್ಟಿಸಿಟ್ಟಿದ್ದೇನೆ.

ತಮ್ಮ ಮೊಣಕಾಲಿನ ನೋವು ಶಮನವಾಗಿದ್ದರೆ ಮುಂದಿನ ಚಳಿಗಾಲದಲ್ಲಿ ತಾವೊಮ್ಮೆ ಇಲ್ಲಿಗೆ ಬರಬೇಕು. ಕಾಂಡ್ಲಾವನದೊಳಗೆ ಹಲಗೆ ಹಾಸಿದ ಸಮತಟ್ಟಾದ ಕಾಲುದಾರಿಯಿದೆ, ಹತ್ತಿಳಿಯುವ ಶ್ರಮವಿಲ್ಲ. ಅಷ್ಟರೊಳಗೆ ಒಂದು ಸಂಗತಿಯನ್ನು ಬರೆದು ತಿಳಿಸಿರಿ: ತಾವು ಪಾಳಿಯಲ್ಲಿದ್ದ ಕಾಲದಲ್ಲಿ, ಎಷ್ಟು ನೀರು ಬಿಡಬೇಕೆಂಬ ನಿರ್ಧಾರ ಆಗುವಾಗ, ಕೆಳಗಿನ ಊರುಗಳ ಮಾತು ಒಮ್ಮೆಯಾದರೂ ಬಂದದ್ದುಂಟೆ? ಉತ್ತರವನ್ನು ಗೋಕರ್ಣದ ವಿಳಾಸಕ್ಕೇ ಬರೆಯಬಹುದು.

ಇಂತು ತಮ್ಮ ವಿಧೇಯ
ಸೋದರಳಿಯ