ವಲಸಿಗರ ಊರಿನ ಕಾನ್ವೆಂಟು

ಕೆ.ಆರ್.ಪುರ ದಾಟಿದ ಮೇಲೆ ಮೆಟ್ರೊ ಬೋಗಿಯೊಳಗೆ ಕನ್ನಡದ ಜೊತೆ ಹಿಂದಿ, ತೆಲುಗು, ಬಂಗಾಳಿ, ಒಡಿಯಾ ಎಲ್ಲ ಕಿವಿಗೆ ಬೀಳತೊಡಗಿದವು. ಪಟ್ಟಂದೂರು ಅಗ್ರಹಾರದಲ್ಲಿ ಐಟಿಪಿಎಲ್ ಟೆಕ್ ಪಾರ್ಕಿನ ಕಡೆಯವರು ಇಳಿದರು. ನಾನು ಹೋಪ್‌ಫಾರ್ಮ್‌ನಲ್ಲಿ ಇಳಿದು, ಆಟೊ ಹತ್ತಿ ‘ಇನ್ನರ್ ಸರ್ಕಲ್’ ಎಂದೆ. ನೋಡಬೇಕಿದ್ದುದು ಹಳೆಯ ವೈಟ್‌ಫೀಲ್ಡು, ಅಲ್ಲಿನ ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಶಾಲೆ.

ಈ ಊರು ಹುಟ್ಟಿದ್ದೇ ಹೊರಗಿನಿಂದ ಬಂದವರಿಗಾಗಿ. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಇಲ್ಲಿ 3,900 ಎಕರೆ ಕೊಟ್ಟರು. ನೌಕರಿಯನ್ನೇ ನಂಬಿದ್ದ ತಮ್ಮ ಜನ ಉತ್ತು ಬಿತ್ತು ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಆಸೆಪಟ್ಟವರು ಆ ಸಂಘದ ಡಿ.ಎಸ್. ವೈಟ್. ಊರಿಗೆ ಅವರ ಹೆಸರೇ ಉಳಿಯಿತು. ನಡುವೆ ದುಂಡನೆಯ ಬಯಲು, ಸುತ್ತ ಮನೆಗಳು: ಅಂದು ಹಾಕಿದ ನಕ್ಷೆ ಇನ್ನರ್ ಸರ್ಕಲ್‌ನಲ್ಲಿ ಈಗಲೂ ಕಾಣುತ್ತದೆ. ಹೆಂಚಿನ ಬಂಗಲೆಗಳು ಬೆರಳೆಣಿಕೆಯಷ್ಟು ಉಳಿದಿವೆ, ಅಷ್ಟೇ.

ಅದೇ 1882ರಲ್ಲಿ ಫ್ರಾನ್ಸಿನಿಂದ ಸೇಂಟ್ ಜೋಸೆಫ್ ಆಫ್ ತಾರ್ಬ್ ಸಭೆಯ ಸಿಸ್ಟರ್‌ಗಳು ಬೆಂಗಳೂರಿಗೆ ಬಂದರು. 1843ರಲ್ಲಿ ಪಿರನೀಸ್ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಶುರುವಾದ ಸಭೆ ಅದು. ಮೊದಲು ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ, ಆಮೇಲೆ ಶಾಲೆಗಳು. ವೈಟ್‌ಫೀಲ್ಡಿನ ಕಾನ್ವೆಂಟು ಇವರದೇ. ಇಲ್ಲಿನ ಕ್ಯಾಥೋಲಿಕ್ ಚರ್ಚು ಲೂರ್ದು ಮಾತೆಯ ಹೆಸರಿನದು. ಆ ಲೂರ್ದು ಪಟ್ಟಣ ತಾರ್ಬ್‌ಗೆ ಹತ್ತಿರದ್ದೇ. ಮನೆ-ಮಠ ಬಿಟ್ಟು, ಭಾಷೆ ಬಾರದ ನಾಡಿಗೆ ಬಂದ ಹೆಣ್ಣುಮಕ್ಕಳು ಇವರೂ. ವಲಸೆ ಬಂದವರಿಗೆ ವಲಸೆ ಬಂದವರೇ ಅಕ್ಷರ ಕಲಿಸಿದ ಈ ಚರಿತ್ರೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಶಾಲೆ ಬಿಡುವ ಹೊತ್ತು. ರಸ್ತೆಬದಿಯಲ್ಲಿ ಅಜ್ಜಿಯೊಬ್ಬರು ತೋತಾಪುರಿ ಸೀಳಿ ಉಪ್ಪು-ಖಾರ ಸವರುತ್ತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಅಮ್ಮನ ಹತ್ತಿರ ಹಿಂದಿಯಲ್ಲಿ ಹಟ ಮಾಡಿ ದುಡ್ಡು ಇಸಿದುಕೊಂಡು ಓಡಿಬಂದಳು. ‘ಅಜ್ಜೀ, ಖಾರ ಜಾಸ್ತಿ ಹಾಕಿ’ ಎಂದಳು ಅಚ್ಚ ಕನ್ನಡದಲ್ಲಿ. ತಾಯಿಗೆ ಇನ್ನೂ ಬಾರದ ಮಾತು ಮಗಳ ನಾಲಗೆ ಮೇಲೆ ಆಡುತ್ತಿತ್ತು. ಕಂಪನಿ ಕೆಲಸಕ್ಕೆಂದು ಬಂದ ಎಷ್ಟೋ ಮನೆಗಳಿಗೆ ಕನ್ನಡ ಕಾಲಿಡುವುದು ಹೀಗೆ, ಮಕ್ಕಳ ಜೊತೆಗೆ.

ಅಲ್ಲಿಂದ ಇಮ್ಮಡಿಹಳ್ಳಿ ಕಡೆಗೆ ನಡೆದೆ. ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ತಗಡಿನ ಶೆಡ್ಡುಗಳು. ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು ಕೈಗೆ ಮೆತ್ತಿದ ಸಿಮೆಂಟು ತೊಳೆದುಕೊಳ್ಳುತ್ತಿದ್ದಳು. ಮಕ್ಕಳ ಶಾಲೆ ವಿಚಾರ ಕೇಳಿದೆ. ‘ಊರಾಗ ಮೂರನೇತ್ತ ಇದ್ದಳ್ರೀ ಅಕ್ಕಾರ. ಇಲ್ಲಿ ಬಿಲ್ಡಿಂಗ್ ಮುಗದಕೂಡ್ಲೆ ಮತ್ತೊಂದ್ ಕಡಿ ಹೋಗ್ತೀವಿ. ಸಾಲಿ ಹಂಗ ನಿಂತುಬಿಡ್ತದ’ ಎಂದಳು. ಮಗಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಮಾತು ಕೇಳುತ್ತಾ ನಿಂತಿದ್ದಳು.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟುಗಳನ್ನು ಬಡವರ, ದುರ್ಬಲ ವರ್ಗದವರ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ಹಾಗಾಗಿ ಕ್ರೈಸ್ತ ಶಾಲೆಗಳಿಗೆ ಕಾನೂನಿನ ಒತ್ತಾಯವಿಲ್ಲ. ಆದರೆ ಅವುಗಳ ಹಿಂದೆ ನೂರಾರು ವರ್ಷಗಳ ಸೇವೆಯ ಪರಂಪರೆಯಿದೆ. ಸಾಫ್ಟ್‌ವೇರ್ ಕುಟುಂಬಗಳ ಮಕ್ಕಳಿಗೆ ಈ ಊರಿನಲ್ಲಿ ಬೇಕಾದಷ್ಟು ಶಾಲೆಗಳಿವೆ. ಇಂದಿನ ನಿಜವಾದ ವಲಸಿಗರು ಶೆಡ್ಡಿನಲ್ಲಿದ್ದಾರೆ. ವರ್ಷದ ನಡುವೆ ಬಂದರೂ ಆ ಮಕ್ಕಳನ್ನು ಸೇರಿಸಿಕೊಳ್ಳಲು ಇಂಥ ಶಾಲೆಗಳು ಒಂದಷ್ಟು ಜಾಗ ಎತ್ತಿಡಬೇಕು. ಕಾನ್ವೆಂಟುಗಳಲ್ಲಿ ಓದಿ ಮೇಲೆ ಬಂದ ನಾವು ಅದರ ಖರ್ಚಿಗೆ ಹೆಗಲು ಕೊಡಬೇಕು.